ಟೀಚರ್ ರಾಗ್ನಾ ಮೀನು ನೆನೆಹಾಕಿದ್ದು

ರಾಗ್ನಾ ತ್ವೈಟನ್‌ಳ ಅಡುಗೆಮನೆಯಲ್ಲಿ ಉಪ್ಪಿನ ಡಬ್ಬಿಯ ಮೇಲೆ ಉಪ್ಪು ಎಂದು ಬರೆದಿರಲಿಲ್ಲ. ಸೋಡಿಯಂ ಕ್ಲೋರೈಡ್ ಎಂದು ಬರೆದಿತ್ತು. ಸಕ್ಕರೆಗೆ ಸುಕ್ರೋಸ್, ಅಡುಗೆ ಸೋಡಾಕ್ಕೆ ಸೋಡಿಯಂ ಬೈಕಾರ್ಬನೇಟ್, ವಿನೆಗರ್ ಬಾಟಲಿಗೆ 'ಅಸಿಟಿಕ್ ಆಮ್ಲ, ನೂರಕ್ಕೆ ಐದು'. ಒಮ್ಮೆ ಪಾದ್ರಿ ಹೋಲ್ಮ್‌ಬೋ ಕಾಫಿಗೆ ಬಂದಿದ್ದಾಗ ಯಾರೋ ಬಾಗಿಲು ತಟ್ಟಿದರು ಎಂದು ಇವಳು ಎದ್ದು ಹೋದಳು. ಪಾಪ ಪಾದ್ರಿ ತಾವೇ ಕೈ ಚಾಚಿ, ಯಾವುದೋ ಡಬ್ಬಿಯಿಂದ ಎರಡು ಚಮಚ ತುಂಬ ಹಾಕಿಕೊಂಡರು. ಸೋಡಿಯಂ ಕ್ಲೋರೈಡ್. ಮರ್ಯಾದಸ್ಥ ಮನುಷ್ಯ, ಕೊನೆಯ ಗುಟುಕಿನವರೆಗೂ ಕುಡಿದು, ಕರವಸ್ತ್ರದಲ್ಲಿ ಬಾಯಿ ಒರೆಸಿಕೊಂಡು ಕೇಳಿದರು: "ನಿಮ್ಮ ಕಡೆ ಕಾಫಿ ಹೀಗೇ ಕುಡಿಯೋದಾ, ಟೀಚರ್?"

'ನಿಮ್ಮ ಕಡೆ' ಅಂದದ್ದು ರಾಗ್ನಾಳಿಗೆ ಚುಚ್ಚಿತು. ಅವಳು ಹಾಮರ್ ಕಡೆಯ ಒಳನಾಡಿನವಳು, ನಿಜ. ಆದರೆ ಕಡಲತೀರದ ಹೆಲ್ಲೆವಿಕ್‌ಗೆ ಬಂದು ಆಗಲೇ ಹತ್ತೊಂಬತ್ತು ವರ್ಷ. ಮೂವತ್ತೊಂಬತ್ತನೇ ಇಸವಿಯಲ್ಲಿ ಎರಡು ಪೆಟ್ಟಿಗೆ, ಒಂದು ತಕ್ಕಡಿ ಹಿಡಿದು ದೋಣಿಯಿಂದ ಇಳಿದವಳು ಊರ ಶಾಲೆಯಲ್ಲಿ ರಸಾಯನಶಾಸ್ತ್ರ ಹೇಳಿಕೊಡುತ್ತ ಯುದ್ಧ ಕಂಡಳು, ರೇಷನ್ ಕಂಡಳು, ಊರಿನ ಅರ್ಧ ಜನಕ್ಕೆ ಆಮ್ಲ ಯಾವುದು, ಕ್ಷಾರ ಯಾವುದು ಎಂದು ಕಲಿಸಿದಳು. ಆದರೂ ಐವತ್ತೆಂಟನೇ ಇಸವಿ ಬಂದರೂ ಅವಳು 'ಒಳನಾಡಿನ ಟೀಚರ್' ಆಗಿಯೇ ಉಳಿದಿದ್ದಳು.

ಅವಳ ಲೆಕ್ಕದಲ್ಲಿ ಪ್ರಪಂಚ ರಸಾಯನಶಾಸ್ತ್ರದ ಹಾಗೆಯೇ ಎರಡು ಭಾಗ: ನಿರವಯವ, ಸಾವಯವ. ನಿರವಯವ ಅನ್ನುವುದು ಅಚ್ಚುಕಟ್ಟಿನ ಸಂಸಾರ. ಉಪ್ಪುನೀರಿಗೆ ಸಿಲ್ವರ್ ನೈಟ್ರೇಟಿನ ಒಂದು ಹನಿ ಬಿಡು, ಬಿಳಿ ಗಸಿ ಫಟ್ ಅಂತ ಇಳಿಯುತ್ತದೆ. ಆಮ್ಲಕ್ಕೆ ಕ್ಷಾರ ಸೇರಿಸು, ಉಪ್ಪು ಮತ್ತು ನೀರು. ಕೊಟ್ಟದ್ದು ಕೊಟ್ಟಾಯಿತು, ತಗೊಂಡದ್ದು ತಗೊಂಡಾಯಿತು, ಮಾತು ಮುಗಿಯಿತು. ಸಾವಯವ ಹಾಗಲ್ಲ. ನಾಲ್ಕು ಗಂಟೆ ಕಾಯಿಸು, ಇನ್ನಷ್ಟು ಹೊತ್ತು ಕಾಯಿ, ವಾಸನೆ ತಡೆದುಕೋ. ಕೊನೆಗೆ ಅರ್ಧ ಟಾರಾಗಿ ತಳ ಹಿಡಿದಿರುತ್ತದೆ, ಉಳಿದರ್ಧ ನೀನು ಕೇಳಿದ್ದು ಅಲ್ಲವೇ ಅಲ್ಲ. ಹೆಲ್ಲೆವಿಕ್ ಊರು ಪೂರ್ತಿ ಸಾವಯವ ಎಂದು ರಾಗ್ನಾ ತೀರ್ಮಾನಿಸಿದ್ದಳು.

ಅದು ಅವಳಿಗೆ ಚೆನ್ನಾಗಿ ಗೊತ್ತಾಗುತ್ತಿದ್ದುದು ಪ್ರತಿ ನವೆಂಬರಿನ ಲೂಟೆಫಿಸ್ಕ್ ಊಟದ ದಿನ. ಒಣಗಿಸಿದ ಕಾಡ್ ಮೀನನ್ನು ನೀರಲ್ಲಿ ನೆನೆಸಿ, ಕ್ಷಾರದಲ್ಲಿ ನೆನೆಸಿ, ಮತ್ತೆ ದಿನಗಟ್ಟಲೆ ನೀರಲ್ಲಿ ತೊಳೆದು ಬೇಯಿಸುವ ಆ ಮೀನಿಗೆ ಇಡೀ ಊರು ಪ್ರಾರ್ಥನಾ ಮಂದಿರದಲ್ಲಿ ಸೇರುತ್ತಿತ್ತು. ನೂರಿಪ್ಪತ್ತು ತಟ್ಟೆ ಅನ್ನಿ. ಮಹಿಳಾ ಸಂಘದವರು ಅಡುಗೆಮನೆಯಲ್ಲಿ. ರಾಗ್ನಾಳೂ ಸಂಘದ ಸದಸ್ಯೆಯೇ, ಆದರೆ ಅವಳಿಗೆ ಜಾಗ ಪಾದ್ರಿಯ ಪಕ್ಕದಲ್ಲಿ, ಇಸ್ತ್ರಿ ಮಾಡಿದ ನ್ಯಾಪ್ಕಿನ್ ಎದುರು. ಒಂದು ತಟ್ಟೆ ಎತ್ತಿದರೂ ಸಾಕು, ಯಾರಾದರೂ ಓಡಿ ಬಂದು ಕಿತ್ತುಕೊಳ್ಳುತ್ತಿದ್ದರು: "ಅಯ್ಯಯ್ಯೋ, ನಿಮಗ್ಯಾಕೆ ಟೀಚರ್! ಕೂತ್ಕೊಳ್ಳಿ ಕೂತ್ಕೊಳ್ಳಿ." ಒಳಗೆ ಪಾತ್ರೆಗಳ ಸದ್ದು, ಹೆಂಗಸರ ಕೇಕೆ. ಹೊರಗೆ ಪಾದ್ರಿ, ಬೆಂಕಿಪೊಟ್ಟಣದಲ್ಲಿಟ್ಟ ತಮ್ಮ ಮೂತ್ರಪಿಂಡದ ಕಲ್ಲನ್ನು ತೋರಿಸುತ್ತಾ, "ಇದರ ಸೂತ್ರ ಏನಂದ್ರಿ?" ಎಂದು ಹೋದ ವರ್ಷ ಕೇಳಿದ್ದನ್ನೇ ಕೇಳುತ್ತಿದ್ದರು. ಕ್ಯಾಲ್ಸಿಯಂ ಆಕ್ಸಲೇಟ್. ಹತ್ತೊಂಬತ್ತು ವರ್ಷ ಅದೇ ಕಲ್ಲು, ಅದೇ ಸೂತ್ರ. ಆ ಅಡುಗೆಮನೆಯ ಬಾಗಿಲು ದಾಟಿ ಒಳಗೆ ಹೋಗಬೇಕು, ಅಲ್ಲಿ ಯಾರೂ ತನ್ನನ್ನು ಹೊರಗೆ ಕಳಿಸಬಾರದು. ರಾಗ್ನಾಳಿಗೆ ಜೀವನದಲ್ಲಿ ಬೇಕಾಗಿದ್ದುದು ಅಷ್ಟೇ, ಇದನ್ನು ಯಾರ ಹತ್ತಿರ ಹೇಳಿಕೊಳ್ಳುವುದು?

ಆ ವರ್ಷ ಅಕ್ಟೋಬರಿನಲ್ಲಿ ಬೆರ್ಟೆ ಅಜ್ಜಿ ಜಾರಿಬಿದ್ದು ಸೊಂಟ ಮುರಿದುಕೊಂಡಳು. ನಲವತ್ತು ವರ್ಷದಿಂದ ಊರಿನ ಮೀನು ನೆನೆಹಾಕುತ್ತಿದ್ದವಳು ಅವಳೇ. ಸಂಘದ ಸಭೆಯಲ್ಲಿ ಅಧ್ಯಕ್ಷೆ ಓಲಿನೆ, ದೋಣಿಯ ಯಜಮಾನನ ಹೆಂಡತಿ, ವೈರ್‌ಲೆಸ್ ಇಲ್ಲದೆಯೇ ಸಮುದ್ರದಲ್ಲಿದ್ದ ಗಂಡನನ್ನು ಊಟಕ್ಕೆ ಕರೆಯುತ್ತಾಳೆ ಅಂತ ಜನ ಆಡಿಕೊಳ್ಳುವಂಥ ಗಂಟಲಿನವಳು, "ಈಗ ಮೀನು ಯಾರು ನೋಡ್ಕೋತೀರಾ?" ಎಂದು ಕೇಳಿದಳು. ಎಲ್ಲರೂ ಹೆಣಿಗೆಯ ಕಡ್ಡಿ ನೋಡತೊಡಗಿದರು. ಕೆಟ್ಟರೆ ಊರಿಡೀ ಉಗಿಯುತ್ತದೆ ಎಂದು ಎಲ್ಲರಿಗೂ ಗೊತ್ತು.

"ನಾನು ಮಾಡ್ತೀನಿ," ಎಂದಳು ರಾಗ್ನಾ ಮೂಲೆಯಿಂದ.

"ನೀವಾ?" ಓಲಿನೆಯ ಕಡ್ಡಿ ನಿಂತಿತು.

"ಅದು ರಸಾಯನಶಾಸ್ತ್ರ ಅಷ್ಟೇ ಅಲ್ವಾ. ಕ್ಷಾರದ ಸಾಂದ್ರತೆ, ಸಮಯ. ಅಳತೆ ಸರಿಯಾಗಿದ್ರೆ ಕೆಡೋ ಪ್ರಶ್ನೆಯೇ ಇಲ್ಲ."

ಹೆಂಗಸರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಟೀಚರಿಗೆ ಬೇಡ ಅನ್ನುವುದು ಹೇಗೆ? ಹಾಗಾಗಿ ಬೇಡ ಅನ್ನಲಿಲ್ಲ.

ರಾಗ್ನಾ ನೋಟ್‌ಬುಕ್ ಹಿಡಿದು ಆಸ್ಪತ್ರೆಗೆ ಹೋದಳು. ಬೆರ್ಟೆ ಅಜ್ಜಿ ಕಾಲಿಗೆ ತೂಕ ಕಟ್ಟಿಸಿಕೊಂಡು ಮಲಗಿದ್ದಳು.

"ನೀರಿಗೆ ಎಷ್ಟು ಕಾಸ್ಟಿಕ್ ಸೋಡಾ ಹಾಕ್ತೀರಿ, ಅಜ್ಜಿ?"

"ಬೇಕಾದಷ್ಟು."

"ಬೇಕಾದಷ್ಟು ಅಂದ್ರೆ ಎಷ್ಟು?"

"ಜಾಸ್ತಿ ಆಗದೇ ಇರೋಷ್ಟು."

ರಾಗ್ನಾ ಪೆನ್ಸಿಲ್ ಮೂತಿ ಕಚ್ಚಿದಳು. "ಎಷ್ಟು ಹೊತ್ತು ಬಿಡ್ತೀರಿ?"

"ಎರಡು ದಿನ. ಆಮೇಲೆ ಬೆರಳು ಹಾಕಿ ನೋಡೋದು."

"ಬೆರಳಿಗೆ ಏನು ಗೊತ್ತಾಗುತ್ತೆ?"

"ನನ್ನ ಬೆರಳಿಗೆ ಗೊತ್ತಾಗುತ್ತೆ. ನಿಮ್ದು ಹೇಗೋ ನಂಗೇನ್ ಗೊತ್ತು?" ಅಜ್ಜಿ ಮೇಲಿನ ಛಾವಣಿ ನೋಡುತ್ತ ನಿಟ್ಟುಸಿರಿಟ್ಟಳು. "ಅಬ್ಬ, ಮೀನು ನೆನೆಹಾಕೋ ಆ ಹಾಳು ಷೆಡ್ಡು! ಪ್ರತಿ ವರ್ಷ ಕಾಲು ಮರಗಟ್ಟಿ, ಹೆಬ್ಬೆರಳು ಇದೆಯೋ ಇಲ್ವೋ ಅನ್ನೋದೇ ಗೊತ್ತಾಗ್ತಿರಲಿಲ್ಲ. ಅದೊಂದು ತಪ್ಪಿತಲ್ಲ, ಸೊಂಟ ಮುರಿದದ್ದೂ ಒಳ್ಳೇದೇ ಆಯ್ತು."

ರಾಗ್ನಾ 'ಎರಡು ದಿನ' ಎಂದು ಬರೆದುಕೊಂಡಳು. ಕಾಲಿನ ಕಥೆ ಬರೆದುಕೊಳ್ಳಲಿಲ್ಲ. ಮುದುಕಿಯ ಗೋಳು, ಅದರಲ್ಲಿ ರಸಾಯನಶಾಸ್ತ್ರ ಏನಿದೆ?

ಚಳಿ ಕೊರೆಯುವ ಆ ಷೆಡ್ಡಿನಲ್ಲಿ ತಕ್ಕಡಿ ಇಡಲು ಮೇಜಿಲ್ಲ, ದೀಪವಿಲ್ಲ. ಅವಳು ಆರು ಮರದ ತೊಟ್ಟಿಗಳನ್ನೂ ಶಾಲೆಯ ಪ್ರಯೋಗಶಾಲೆಗೆ ಹೊರಿಸಿದಳು. ಆರು ದಿನ ಬರೀ ನೀರಿನಲ್ಲಿ ನೆನೆದ ಮೀನಿಗೆ ಶನಿವಾರ ಬೆಳಿಗ್ಗೆ ಕಾಸ್ಟಿಕ್ ಸೋಡಾ, ಗ್ರಾಂ ಲೆಕ್ಕದಲ್ಲಿ ತೂಗಿ, ಕರಗಿಸಿ ಹಾಕಿದಳು. ಇನ್ನೆರಡು ದಿನ ಕಣ್ಣಲ್ಲಿ ಕಣ್ಣಿಟ್ಟು ಕಾಯಬೇಕು, ಮೂರು ಗಂಟೆಗೊಮ್ಮೆ ಅಳೆಯಬೇಕು. ಆದರೆ ಶನಿವಾರ ಮಧ್ಯಾಹ್ನದಿಂದ ಸೋಮವಾರದವರೆಗೆ ಶಾಲೆಯ ಕೋಣೆಗಳನ್ನು ಬೆಚ್ಚಗಿಡುವ ಬಾಯ್ಲರ್ ಆರಿಸುವುದು ವಾಡಿಕೆ.

ಅವಳು ಜವಾನ ಐಲರ್ಟನನ್ನು ಹಿಡಿದಳು. "ಈ ಎರಡು ದಿನ ಬಾಯ್ಲರ್ ಉರೀಲಿ, ಐಲರ್ಟ್."

"ಮೀನಿಗೆ ಬೆಂಕಿ ಕಾಯಿಸೋರನ್ನ ಇವತ್ತೇ ನೋಡಿದ್ದು ನಾನು!"

"ಮೀನಿಗಲ್ಲಪ್ಪ, ನನ್ನ ಕಾಲಿಗೆ. ಇಲ್ಲಿ ಕೂತಿರಬೇಕಲ್ಲ ನಾನು."

ಐಲರ್ಟ್ ಒಳ್ಳೆಯವನು, ಮನಸ್ಸು ಬಿಚ್ಚಿ ಕಲ್ಲಿದ್ದಲು ಸುರಿದ. ಎರಡು ದಿನ ರಾಗ್ನಾ ಕಾರ್ಡಿಗನ್ ಕಳಚಿಟ್ಟು, ಬೆಚ್ಚಗೆ ಕುಳಿತು ಪ್ರನಾಳ ಹಿಡಿದು ಅಳೆದಳು. ಸಾಂದ್ರತೆ ಒಂದು ಕೂದಲೆಳೆಯಷ್ಟೂ ಆಚೀಚೆ ಆಗಲಿಲ್ಲ. ಸೋಮವಾರ ಕ್ಷಾರ ಚೆಲ್ಲಿ, ಐದು ದಿನ ದಿನವೂ ನೀರು ಬದಲಿಸಿದಳು. ಶುಕ್ರವಾರ ಕೆಂಪು ಲಿಟ್ಮಸ್ ಕಾಗದ ಮುಳುಗಿಸಿದರೆ ಕೆಂಪಾಗಿಯೇ ಉಳಿಯಿತು, ಕ್ಷಾರ ಪೂರ್ತಿ ಹೋಗಿತ್ತು. ಮೀನು ಉಬ್ಬಿ, ಗಾಜಿನಂತೆ ಪಾರದರ್ಶಕವಾಗಿ, ತೊಟ್ಟಿ ಮುಟ್ಟಿದರೆ ಥರಥರ ನಡುಗುತ್ತಿತ್ತು. ಎಂಥ ಮೀನು! ತನ್ನ ನಿರವಯವ ಶಿಸ್ತಿಗೆ ಸಾವಯವ ಮೀನು ಕೊನೆಗೂ ಬಗ್ಗಿತು ಎಂದು ಅವಳು ಒಬ್ಬಳೇ ಹಿಗ್ಗಿದಳು.

ಶನಿವಾರ ಸಂಜೆ ಐದಕ್ಕೆ ಪ್ರಾರ್ಥನಾ ಮಂದಿರ ತುಂಬಿತು. ರಾಗ್ನಾ ಹೊಸದಾಗಿ ಹೊಲಿಸಿದ ಏಪ್ರನ್ ಕಟ್ಟಿಕೊಂಡೇ ಬಂದಿದ್ದಳು. ಅಡುಗೆಮನೆಯ ಬಾಗಿಲಲ್ಲಿ ಓಲಿನೆ ಎದುರಾದಳು.

"ಮೀನು ನೀವು ಮಾಡಿಕೊಟ್ಟಿದ್ದೇ ದೊಡ್ಡದು ಟೀಚರ್, ಬೇಯಿಸೋದು ನಮ್ಗಿರಲಿ. ನೀವು ಹೋಗಿ ಪಾದ್ರಿಗಳ ಹತ್ರ ಕೂತ್ಕೊಳ್ಳಿ."

ಬಾಗಿಲು ಮುಚ್ಚಿತು. ರಾಗ್ನಾ ಏಪ್ರನ್ ಬಿಚ್ಚಿ, ಮಡಿಸಿ, ಕೈಚೀಲಕ್ಕೆ ತುರುಕಿ, ನ್ಯಾಪ್ಕಿನ್ ಎದುರು ಹೋಗಿ ಕುಳಿತಳು. ಪಾದ್ರಿ ಜೇಬಿಗೆ ಕೈ ಹಾಕಿ ಬೆಂಕಿಪೊಟ್ಟಣ ಹುಡುಕತೊಡಗಿದರು.

ಹತ್ತು ನಿಮಿಷ ಆಗಿರಬಹುದು, ಅಡುಗೆಮನೆಯಿಂದ ಓಲಿನೆಯ ಗಂಟಲು ಕೇಳಿತು.

"ರಾಗ್ನಾ! ಬಾ ಇಲ್ಲಿ!"

ಬಂದರಿನಲ್ಲಿ ಕಟ್ಟಿದ್ದ ದೋಣಿಗಳಿಗೂ ಕೇಳಿರಬೇಕು. ಯಾವ ರಾಗ್ನಾ ಎಂದು ಇಬ್ಬರು ಮೂವರು ಸುತ್ತ ನೋಡಿದರು. ಟೀಚರಿಗೆ ಹೆಸರು ಎನ್ನುವುದೊಂದು ಇದೆ ಎಂದು ಅವರಿಗೆ ನೆನಪೇ ಇರಲಿಲ್ಲ. ರಾಗ್ನಾ ಎದ್ದು ಹೋದಳು.

ಒಳಗೆ ಹತ್ತು ದೊಡ್ಡ ಪಾತ್ರೆಗಳು. ಹತ್ತರಲ್ಲೂ ಮೀನಿರಲಿಲ್ಲ. ಗಂಜಿಯಂಥ ಏನೋ ಒಂದು, ಮೇಲೆ ಬಿಳಿ ನೊರೆ ಉಕ್ಕಿ ಒಲೆಯ ಮೇಲೆಲ್ಲ ಹರಿದಿತ್ತು. ಓಲಿನೆ ಸೌಟು ಎತ್ತಿ ಹಿಡಿದಳು, ಅದರಿಂದ ಆ ಪದಾರ್ಥ ಲೋಳೆಲೋಳೆಯಾಗಿ ಇಳಿಯಿತು.

"ಏನಿದು? ಸೋಪು ಮಾಡಿಟ್ಟಿದ್ದೀಯಲ್ಲೇ! ನೂರಿಪ್ಪತ್ತು ಜನಕ್ಕೆ ಸೋಪು!"

ಇಂಥ ಹೊತ್ತಿನಲ್ಲಿ ತಲೆ ನೆಟ್ಟಗಿರುವವರು ಬಾಯಿ ಮುಚ್ಚಿಕೊಂಡಿರುತ್ತಾರೆ. ರಾಗ್ನಾ ಟೀಚರು. "ಹಾಗೆ ನೋಡಿದ್ರೆ ಇದು ಸೋಪಲ್ಲ," ಎಂದಳು. "ಕೊಬ್ಬಿಗೆ ಕ್ಷಾರ ಸೇರಿದ್ರೆ ಸೋಪು, ಜೊತೆಗೆ ಗ್ಲಿಸರಿನ್. ಕಾಡ್ ಮೀನಲ್ಲಿ ಕೊಬ್ಬು ನೂರಕ್ಕೆ ಒಂದು ಪಾಲೂ ಇಲ್ಲ. ಇದು ಪ್ರೋಟೀನು ತುಂಡಾಗಿರೋದು."

"ತುಂಡಾಗಿರೋದು!" ಓಲಿನೆ ಸೌಟನ್ನು ಪಾತ್ರೆಗೆ ಕುಕ್ಕಿದಳು. "ನಾನು ಇದನ್ನ ಹೊರಗೆ ತಗೊಂಡ್ಹೋಗಿ ಏನಂತ ಬಡಿಸ್ಲಿ? ಸೋಪಲ್ಲ, ಹೆದರ್ಬೇಡಿ, ಪ್ರೋಟೀನು ತುಂಡಾಗಿದೆ, ತಿನ್ನಿ ಅಂತ್ಲಾ? ಎರಡೇ ದಿನ ಅಲ್ವಾ ಬಿಟ್ಟಿದ್ದು?"

"ಎರಡೇ ದಿನ. ಗಡಿಯಾರ ನೋಡಿ ತೆಗೆದಿದ್ದೀನಿ."

"ಷೆಡ್ಡಲ್ಲಿ ತಾನೇ?"

"ಇಲ್ಲ, ಶಾಲೇಲಿ. ಷೆಡ್ಡಲ್ಲಿ ಇರೋದೇ ಮೂರು ಡಿಗ್ರಿ, ಅಲ್ಲಿ ಕೂರೋಕಾಗುತ್ತಾ? ಬಾಯ್ಲರ್ ಹಾಕಿಸಿ ಇಪ್ಪತ್ತಮೂರು..."

ಮಾತು ಅಲ್ಲೇ ನಿಂತಿತು. ಇಪ್ಪತ್ತು ಡಿಗ್ರಿ ಹೆಚ್ಚು. ಪ್ರತಿ ಹತ್ತು ಡಿಗ್ರಿಗೆ ರಾಸಾಯನಿಕ ಕ್ರಿಯೆಯ ವೇಗ ಸುಮಾರು ಎರಡು ಪಟ್ಟು. ಪ್ರತಿ ಸೆಪ್ಟೆಂಬರಿನಲ್ಲಿ ಹಲಗೆಯ ಮೇಲೆ ಬರೆದು, ಅಡಿಗೆರೆ ಎಳೆದು, ಮಕ್ಕಳಿಂದ ಮೂರು ಸಲ ಹೇಳಿಸುತ್ತಿದ್ದ ಪಾಠ. ಎರಡೆರಡಲ ನಾಲ್ಕು. ತನ್ನ ಮೀನು ಎರಡು ದಿನ ಅಲ್ಲ, ಷೆಡ್ಡಿನ ಲೆಕ್ಕದಲ್ಲಿ ಎಂಟು ದಿನ ಕ್ಷಾರದಲ್ಲಿ ಬಿದ್ದಿತ್ತು. ಬೆರ್ಟೆ ಅಜ್ಜಿ ಇದನ್ನೇ ಹೇಳಿದ್ದಳು, ಕಾಲು ಮರಗಟ್ಟುತ್ತದೆ ಎಂದು. ಇಡೀ ಪಾಕವಿಧಾನ ಅದರಲ್ಲೇ ಇತ್ತು, ಇವಳು ಅದನ್ನು ಬಿಟ್ಟು ಉಳಿದದ್ದೆಲ್ಲ ಬರೆದುಕೊಂಡಿದ್ದಳು.

"ತಪ್ಪು ನನ್ನದು," ಎಂದಳು ರಾಗ್ನಾ. "ಕಾಲಿಗೆ ಚಳಿ ಆಗುತ್ತೆ ಅಂತ ನಾನೇ ಕೋಣೆ ಬೆಚ್ಚಗೆ ಮಾಡಿಸ್ದೆ. ಅಳತೆ ಎಲ್ಲಾ ಸರಿಯಾಗಿತ್ತು. ನಾನು ಕೂತಿದ್ದೇ ತಪ್ಪಾಯ್ತು."

ಇನ್ನು ಈ ಬಾಗಿಲು ತನಗೆ ಸಾಯುವವರೆಗೂ ಮುಚ್ಚಿತು ಎಂದುಕೊಂಡು ಅವಳು ಹೊರಗೆ ತಿರುಗಿದಳು.

"ಎಲ್ಲಿಗೆ ಹೊರಟೆ?" ಓಲಿನೆ ಸೊಂಟಕ್ಕೆ ಕೈ ಕೊಟ್ಟು ನಿಂತಿದ್ದಳು. "ಹತ್ತು ಪಾತ್ರೆ ಹೊಲಸು ಮಾಡಿಟ್ಟು ಪಾದ್ರಿ ಪಕ್ಕ ಹೋಗಿ ಕೂತ್ಕೋತೀಯಾ? ಇದನ್ನೆಲ್ಲ ಯಾರು ಉಜ್ಜೋದು, ನಮ್ಮಪ್ಪನಾ?"

ಆಮೇಲೆ ಅವಳೇ ಹೊರಗೆ ಹೋಗಿ ಘೋಷಿಸಿದಳು: ಈ ವರ್ಷ ಮೀನಿಲ್ಲ. ಆಲೂಗಡ್ಡೆ ಇದೆ, ಬಟಾಣಿ ಇದೆ, ಹುರಿದ ಹಂದಿಮಾಂಸ ಇದೆ, ತೆಳು ರೊಟ್ಟಿ ಇದೆ. ಆಗ ಹಿಂದಿನ ಬೆಂಚಿನಿಂದ ಮುದುಕ ಮಾಥಿಯಾಸ್ ಎದ್ದು ನಿಂತ.

"ಐವತ್ತು ವರ್ಷದಿಂದ ಹೆಂಡ್ತಿಗೋಸ್ಕರ ಆ ಮೀನು ನುಂಗಿದ್ದೀನಿ," ಎಂದ. "ದೇವರು ದೊಡ್ಡವನು!"

ಹೆಂಡತಿ ಕೋಟಿನ ಚುಂಗು ಹಿಡಿದು ಎಳೆದು ಕೂರಿಸಿದಳು. ಗಂಡಸರ ಸಾಲಿನಲ್ಲಿ ಆಳವಾದ, ತೃಪ್ತಿಯ ಕೆಮ್ಮು ಎದ್ದಿತು. ಹುರಿದ ಹಂದಿಮಾಂಸ ಎರಡನೇ ಸುತ್ತಿಗೇ ಖಾಲಿ.

ಅಡುಗೆಮನೆಯಲ್ಲಿ ರಾಗ್ನಾ ಮೊಣಕೈವರೆಗೆ ನೀರಲ್ಲಿದ್ದಳು. ಅಂಟು ಬಿಡುತ್ತಿರಲಿಲ್ಲ. ಹೆಂಗಸರು ತಟ್ಟೆ ತಂದು ಸುರಿಯುತ್ತ ಒಬ್ಬೊಬ್ಬರೂ ಒಂದೊಂದು ಮಾತು ಎಸೆದು ಹೋಗುತ್ತಿದ್ದರು.

"ಸೋಪು ಬೇರೆ ಹಾಕ್ಬೇಡ ಕಣೇ ರಾಗ್ನಾ, ಅದರಲ್ಲೇ ಇದೆ!"

"ಸೋಪಲ್ವಂತೆ, ಪ್ರೋಟೀನಂತೆ. ಸರಿಯಾಗಿ ಹೇಳು, ಇಲ್ಲಾಂದ್ರೆ ನಪಾಸ್ ಮಾಡ್ತಾಳೆ!"

"ಏಯ್, ತಳ ಉಜ್ಜು, ತಳ! ಮೂಲೇಲಿ ಹಾಗೇ ಇದೆ ನೋಡು."

ಯಾರೂ ಕುರ್ಚಿ ತಂದುಕೊಡಲಿಲ್ಲ. ಯಾರೂ ಕೈಯಿಂದ ಬ್ರಷ್ ಕಿತ್ತುಕೊಳ್ಳಲಿಲ್ಲ. ರಾಗ್ನಾಳಿಗೆ ಖುಷಿಯಾಗಿತ್ತು. ನಾಚಿಕೆಗೇಡಿನ ಖುಷಿ, ಊರಿನ ಊಟ ಹಾಳು ಮಾಡಿ ಯಾರಾದರೂ ಹೀಗೆ ಖುಷಿಪಡುತ್ತಾರೆಯೇ? ಆರನೇ ಪಾತ್ರೆ ಉಜ್ಜುವಾಗ ಅವಳ ಕಣ್ಣಿಂದ ನೀರು ಇಳಿಯತೊಡಗಿತು. ಒರೆಸಿಕೊಳ್ಳಲು ಎರಡೂ ಕೈ ಒದ್ದೆ.

ಪಕ್ಕದಲ್ಲಿ ಪಾತ್ರೆ ಒರೆಸುತ್ತಿದ್ದ ಓಲಿನೆ ನೋಡಿದಳು. "ಏನಾಯ್ತೇ?"

"ಏನಿಲ್ಲ. ಸೋಡಾದ ಆವಿ ಕಣ್ಣಿಗೆ ಹೊಡೀತು."

ಕಾಸ್ಟಿಕ್ ಸೋಡಾ ಹಾಗೆಲ್ಲ ಆವಿಯಾಗಿ ಏಳುವ ಪದಾರ್ಥವಲ್ಲ. ಅದೂ ಐದು ದಿನ ತೊಳೆದು, ಲಿಟ್ಮಸ್ ಹಾಕಿ ನೋಡಿದ ಮೇಲೆ ಆ ಪಾತ್ರೆಗಳಲ್ಲಿ ಹೇಳಿಕೊಳ್ಳುವಷ್ಟು ಸೋಡಾವೂ ಇರಲಿಲ್ಲ. ಹತ್ತೊಂಬತ್ತು ವರ್ಷದಲ್ಲಿ ರಾಗ್ನಾ ತಿಳಿದೂ ತಿಳಿದೂ ಹೇಳಿದ ಮೊದಲ ತಪ್ಪು ರಸಾಯನಶಾಸ್ತ್ರ ಅದು. ಓಲಿನೆಯ ಮೂರು ಮಕ್ಕಳೂ ರಾಗ್ನಾಳ ಕೈಕೆಳಗೇ ಕಲಿತವರು, ಮನೆಯಲ್ಲಿ ಗಟ್ಟಿಯಾಗಿ ಓದಿ ಓದಿ ತಾಯಿಗೂ ಬಾಯಿಪಾಠ ಮಾಡಿಸಿದ್ದರು. ಅವಳಿಗೂ ಗೊತ್ತಿತ್ತು.

"ಹೂಂ, ಹೊಡೆಯುತ್ತೆ, ಹೊಡೆಯುತ್ತೆ," ಎಂದಳು ಓಲಿನೆ, ಏಳನೇ ಪಾತ್ರೆಯನ್ನು ಅವಳ ಮುಂದಕ್ಕೆ ತಳ್ಳುತ್ತ.