ಕೂಗಿ ಹೇಳಿದ್ದು, ಕರೆದು ಹೇಳಿದ್ದು

ಆಸ್ಪತ್ರೆಯ ಕಂಪ್ಯೂಟರ್ ಕೋಣೆಯಲ್ಲಿ ಚಿಕ್ಕವರು ದೊಡ್ಡವರೆನ್ನದೆ ಎಲ್ಲರೂ ಅವಳನ್ನು ಅಕ್ಕ ಎಂದೇ ಕರೆಯುತ್ತಿದ್ದರು. ಲ್ಯಾಬಿನ ವರದಿಗಳನ್ನು ಹಂಚುವ ಪ್ರೋಗ್ರಾಮ್ ಬರೆದವಳು ಅವಳೇ. ವರದಿ ಸಿದ್ಧವಾದೊಡನೆ ಅದು ಮೊದಲು ಔಷಧಿ ವಿಭಾಗದ ಕಂಪ್ಯೂಟರನ್ನು ಕರೆಯುತ್ತಿತ್ತು. ಉತ್ತರ ಬಂದ ಮೇಲೆ ಬಿಲ್ಲಿನವರನ್ನು, ಆಮೇಲೆ ವಾರ್ಡನ್ನು. ಒಂದು ಮಧ್ಯಾಹ್ನ ಔಷಧಿ ವಿಭಾಗದ ಕಂಪ್ಯೂಟರ್ ಕೈಕೊಟ್ಟಿತು. ಅದರ ಉತ್ತರಕ್ಕಾಗಿ ಕಾಯುತ್ತ ಪ್ರೋಗ್ರಾಮ್ ನಿಂತಲ್ಲೇ ನಿಂತಿತು. ಸಂಜೆಯತನಕ ನರ್ಸುಗಳು ವರದಿ ಕೈಯಲ್ಲಿ ಹಿಡಿದು ಮೆಟ್ಟಿಲು ಹತ್ತಿಳಿದು ಹೈರಾಣಾದರು.

ಅಕ್ಕ ಎಲ್ಲ ಕಿತ್ತು ಹೊಸದಾಗಿ ಕಟ್ಟಿದಳು. ಈಗ ಲ್ಯಾಬು ಯಾರ ಬಾಗಿಲನ್ನೂ ತಟ್ಟುವುದಿಲ್ಲ. ‘ವರದಿ ಸಿದ್ಧ’ ಎಂದು ಒಮ್ಮೆ ಸಾರಿ ತನ್ನ ಪಾಡಿಗೆ ಹೋಗುತ್ತದೆ, ಬೇಕಾದವರು ಕೇಳಿಸಿಕೊಳ್ಳುತ್ತಾರೆ. ಒಬ್ಬರು ಕೆಟ್ಟು ಕೂತರೂ ಮಿಕ್ಕವರ ಕೆಲಸ ನಿಲ್ಲುವುದಿಲ್ಲ. ಎಲ್ಲರೂ ಭೇಷ್ ಎಂದರು.

ಕೆಲವು ವಾರ ಕಳೆದ ಮೇಲೆ ಮಕ್ಕಳ ವಾರ್ಡಿನ ನರ್ಸಮ್ಮ ಬಂದಳು. ಬೈಯಲು ಬಂದವಳಲ್ಲ, ದನಿ ಕೂಡ ಏರಿಸಲಿಲ್ಲ.

“ಅಕ್ಕಾ, ಬೆಳಿಗ್ಗೆ ಒಂದು ಹಸುಗೂಸಿನ ಸಕ್ಕರೆ ತೀರಾ ಇಳಿದುಬಿಟ್ಟಿತ್ತು. ವರದಿ ಇನ್ನೂ ಬಂದಿಲ್ಲ ಅಂತ ನಾನು ಕಾಯ್ತಾ ಇದ್ದೆ. ಯಾಕೋ ಮನಸ್ಸು ತಡೀಲಿಲ್ಲ, ಲ್ಯಾಬಿಗೆ ಫೋನ್ ಮಾಡ್ದೆ. ಆಗ್ಲೇ ಕಳಿಸಿದೀವಲ್ಲ ಅಂದ್ರು.”

“ಮಗು?”

“ಹುಷಾರಾಗಿದೆ.”

ವಾರ್ಡಿನ ಕಂಪ್ಯೂಟರಿನ ತಂತಿ ಸಡಿಲವಾಗಿತ್ತು. ಸಾರಿದ್ದೇನೋ ನಿಜ, ಕೇಳುವ ಕಿವಿಯೇ ಇರಲಿಲ್ಲ.

ಮರುದಿನ ಅಕ್ಕ ಮತ್ತೆ ಪ್ರೋಗ್ರಾಮ್ ತಿದ್ದಲು ಕೂತಾಗ ಪಕ್ಕದ ಸಹೋದ್ಯೋಗಿ ಇಣುಕಿದ. “ಕಷ್ಟಪಟ್ಟು ಬಿಚ್ಚಿದ ಗಂಟನ್ನ ಮತ್ತೆ ಹಾಕ್ತೀರಾ?”

“ಎಲ್ಲದಕ್ಕೂ ಅಲ್ಲ ಕಣೋ. ಜೀವಕ್ಕೆ ಅಪಾಯ ಅನ್ನೋ ವರದಿಗೆ ಮಾತ್ರ. ಅಂಥದ್ದನ್ನ ಕೂಗಿ ಹೋಗಿಬಿಡೋಕಾಗಲ್ಲ. ನೇರವಾಗಿ ಕರೆದು, ‘ನೋಡಿದೆ’ ಅನ್ನೋ ತನಕ ಕಾಯ್ಬೇಕು. ಯಾರೂ ಹೂಂ ಅನ್ನದಿದ್ರೆ ಡಾಕ್ಟರ ಫೋನ್ ಬಡ್ಕೋಬೇಕು.”

“ಹಾಗಾದ್ರೆ ಡಾಕ್ಟರು ನಿಮಗೆ ಶಾಪ ಹಾಕ್ತಾರೆ.”

“ಹಾಕ್ಲಿ ಬಿಡು.”

ಕೆಲಸ ಮುಗಿದಾಗ ನರ್ಸಮ್ಮ ಅವಳನ್ನು ವಾರ್ಡಿಗೆ ಕರೆದೊಯ್ದಳು. ಇಷ್ಟು ವರ್ಷ ಅದೇ ಕಟ್ಟಡದಲ್ಲಿ ದುಡಿದರೂ ಅಕ್ಕ ಅಲ್ಲಿಗೆ ಕಾಲಿಟ್ಟಿರಲಿಲ್ಲ. ಕಿಟಕಿ ಬಳಿ ಆ ಕೂಸು ಬಾಯಿ ತೆರೆದು ನಿದ್ದೆ ಹೋಗಿತ್ತು. ಅಕ್ಕ ಬೆರಳು ಚಾಚಿದಳು; ನಿದ್ದೆಯಲ್ಲೇ ಅದು ಗಟ್ಟಿಯಾಗಿ ಹಿಡಿದುಕೊಂಡಿತು.

“ನೀವು ಡಾಕ್ಟರಾ?” ಬಾಣಂತಿ ಕೇಳಿದಳು.

“ಅಲ್ಲಮ್ಮ. ಸುದ್ದಿ ಮುಟ್ಟಿಸೋ ಕೆಲಸ ನಂದು.”

“ನಾಳೆ ಮನೆಗೆ ಹೋಗಬಹುದಂತೆ. ಈ ಸುದ್ದಿ ನಾನೇ ನಿಮಗೆ ಮುಟ್ಟಿಸ್ತೀನಿ,” ಎಂದು ಅವಳು ನಕ್ಕಳು.

ಅಕ್ಕ ಬೆರಳು ಬಿಡಿಸಿಕೊಳ್ಳದೆ ಹಾಗೇ ನಿಂತಳು.