ಜರ್ಮನಿಗೊಂದು ಕುರ್ಚಿ

ನುಸಿಗುಳಿಗೆಯ ವಾಸನೆ ಮೂಗಿಗೆ ಬಡಿದದ್ದೇ ತಡ, ಒಂಬತ್ತನೇ ಕ್ಲಾಸು ನೆನಪಾಯಿತು. ಹೋದ ವಾರ ನಮ್ಮ ಹಳೆಯ ಶಾಲೆಯಲ್ಲಿ ಇತಿಹಾಸದ ಮೇಷ್ಟ್ರಿಗೆ ಶ್ರದ್ಧಾಂಜಲಿ ಸಭೆ. ಅವರ ಫೋಟೋದ ಹಿಂದೆ ಯಾರೋ, ನುಸಿಗುಳಿಗೆ ಹಾಕಿ ಎತ್ತಿಟ್ಟಿದ್ದ ಅವರದೇ ಯುರೋಪಿನ ಬಟ್ಟೆ ನಕ್ಷೆಯನ್ನು ತೂಗುಹಾಕಿದ್ದರು...

ಮೇಷ್ಟ್ರು ಶಿಕಾರಿಪುರದ ಕಡೆಯವರು. ಕೆಲಸಕ್ಕೆಂದು ಸೊರಬದ ನಮ್ಮೂರಿಗೆ ಬಂದವರು. ಮೊದಲ ಮಹಾಯುದ್ಧ ಮುಗಿದ ಮೇಲಿನ ಶಾಂತಿ ಒಪ್ಪಂದದ ಪಾಠವನ್ನು ಅವರು ಓದಿಸಲಿಲ್ಲ, ಆಡಿಸಿದರು. ಗೆದ್ದ ಅಮೆರಿಕ, ಬ್ರಿಟನ್, ಫ್ರಾನ್ಸ್ ಆದ ಮೂವರಿಗೆ ಮೇಜು, ಕುರ್ಚಿ. ನಾನು ಫ್ರಾನ್ಸ್. ಚಿಕ್ಕಪ್ಪನ ಮಗಳು, ನನ್ನ ಬೆಂಚಿನವಳು, ಸೋತ ಜರ್ಮನಿ. ಅವಳನ್ನು ಬಾಗಿಲಾಚೆ ನಿಲ್ಲಿಸಿ ನಾವು ಷರತ್ತು ಬರೆದೆವು. ನಾನಂತೂ ಅವಳ ಜಾಮಿಟ್ರಿ ಬಾಕ್ಸನ್ನೂ ಬಿಡಲಿಲ್ಲ! ಕೊನೆಗೆ ಒಳಗೆ ಕರೆದು ಸಹಿ ಹಾಕಿಸಿದಾಗ ಅವಳು ನಿಜವಾಗಿಯೂ ಅತ್ತಳು. ಮೇಷ್ಟ್ರು ನಗಲಿಲ್ಲ.

"ಪ್ಯಾರಿಸ್‌ನಾಗೂ ಹಿಂಗೇ ಆತು. ಇಪ್ಪತ್ತು ವರ್ಷಕ್ಕೆ ಮತ್ತೆ ಯುದ್ಧ ಬಂತು," ಎಂದಷ್ಟೇ ಹೇಳಿ ನಕ್ಷೆ ಸುತ್ತಿದರು.

ಅದೇ ವರ್ಷ ಗದ್ದೆ ಬದುವಿನ ಕೇಸಿನಲ್ಲಿ ಅಪ್ಪ ಚಿಕ್ಕಪ್ಪನ ವಿರುದ್ಧ ಗೆದ್ದರು. ಗೆದ್ದವ ಸೋತ, ಸೋತವ ಸತ್ತ ಅನ್ನುತ್ತಾರಲ್ಲ... ಅವಳ ಜತೆ ಮಾತಾಡಕೂಡದೆಂದು ನನಗೆ ಅಪ್ಪನ ಅಪ್ಪಣೆಯಾಯಿತು. ಅವಳಿಲ್ಲದ ಬೆಂಚಿನಲ್ಲಿ ಕೂರುವಾಗ ನನಗೆ ಅಳು ಬರುತ್ತಿತ್ತು.

ಮುಂದೆ ತಕರಾರು ಬೇಡವೆಂದು ಕರಾರು ಪತ್ರ ಬರೆಯಲು, ಅಕ್ಷರ ಚೆನ್ನಾಗಿದೆಯೆಂದು ಅಪ್ಪ ಮೇಷ್ಟ್ರನ್ನು ಮನೆಗೆ ಕರೆಸಿದರು. ಜಗಲಿಯಲ್ಲಿ ಹಿರಿಯರೆಲ್ಲ ಕೂತಿದ್ದರು. ಚಿಕ್ಕಪ್ಪ ಅಂಗಳದಲ್ಲಿ ನಿಂತೇ ಇದ್ದರು. ಮೇಷ್ಟ್ರು ಪೆನ್ನಿನ ಮುಚ್ಚಳ ತೆಗೆಯಲಿಲ್ಲ.

"ಮೊದ್ಲು ಅವರಿಗೊಂದು ಕುರ್ಚಿ ಹಾಕ್ರಿ."

"ಗೆದ್ದೋರು ನಾವು ಮೇಷ್ಟ್ರೇ," ಅಪ್ಪ ಗುರುಗುಟ್ಟಿದರು.

"ಅದಕ್ಕೇ ರೀ. ಸೋತೋರ ಹತ್ರ ಕುರ್ಚಿ ಎಲ್ಲೈತಿ?"

ಯಾರೂ ಏಳಲಿಲ್ಲ. ಮೇಷ್ಟ್ರೇ ಎದ್ದು ತಮ್ಮ ಕುರ್ಚಿಯನ್ನು ಚಿಕ್ಕಪ್ಪನಿಗೆ ಕೊಟ್ಟು ಮೆಟ್ಟಿಲ ಮೇಲೆ ಕೂತರು. ಚಿಕ್ಕಪ್ಪ ಕೇಳಿದ್ದು ಒಂದೇ: ನಮ್ಮ ಗದ್ದೆ ದಾಟಿ ತಮ್ಮ ಗದ್ದೆಗೆ ನೀರು ಹರಿಯಲು ದಾರಿ. ಅಪ್ಪ ಮೆಟ್ಟಿಲ ಮೇಲಿದ್ದ ಮೇಷ್ಟ್ರ ಕಡೆ ತಿರುಗಿ, "ಬರೀರಿ" ಅಂದರು. ಮರುದಿನ ನಾವಿಬ್ಬರೂ ಒಂದೇ ಬೆಂಚಿಗೆ ಮರಳಿದೆವು. ಅಂಥ ಇನ್ನೊಬ್ಬ ಮೇಷ್ಟ್ರನ್ನು ನಾನು ಕಂಡಿಲ್ಲ.

ಹೋದ ವಾರದ ಸಭೆಯಲ್ಲಿ ಜಾಗವೇ ಇರಲಿಲ್ಲ. ತಡವಾಗಿ ಬಂದ ಚಿಕ್ಕಪ್ಪ ಬಾಗಿಲಲ್ಲೇ ನಿಂತರು. ಮಂಡಿನೋವಿನ ಅಪ್ಪ ಕೋಲೂರಿ ಎದ್ದು, "ಬಾರೋ, ಕೂತ್ಕೋ," ಎಂದು ತಮ್ಮ ಕುರ್ಚಿ ಬಿಟ್ಟುಕೊಟ್ಟು ಬಾಗಿಲ ಮೆಟ್ಟಿಲ ಮೇಲೆ ಕೂತರು. ಪಕ್ಕದಲ್ಲಿದ್ದ ಜರ್ಮನಿ ನನ್ನ ಕೈ ಹಿಡಿದಳು. ಇದನ್ನು ನೋಡಬೇಕಾಗಿದ್ದ ಮೇಷ್ಟ್ರು ಮಾತ್ರ ಇರಲಿಲ್ಲ.