ಹೆಜ್ಜೆ ಕಲಿಯಲು ಕಿರುಗುಟ್ಟುವ ಕೆರ

ಮೊಮ್ಮಗಳು ಕುಣಿತ ಕಲಿಯಲು ಹೊರಟಿದ್ದಾಳೆ! ಬೂಟು ಕೊಳ್ಳುವ ಮೊದಲು, "ಅಜ್ಜಾ, ನೀ ಒಮ್ಮಿ ನೋಡು" ಅಂದಳು. ನನ್ನ ಹಿಗ್ಗಿಗೆ ಮನೆ ಸಾಲಲಿಲ್ಲ. ನಾನು ಕಲಿಯುವಾಗ ನನ್ನ ಕಾಲನ್ನು ಯಾರು ಕೇಳಿದ್ದರು? ನೆನೆದರೆ ಇಂದಿಗೂ ಮೈ ಉರಿಯುತ್ತದೆ.

ನಿಜಾಮನ ಆಳ್ವಿಕೆ. ನನಗಾಗ ಹದಿನೆಂಟು. ಮರಳಿಯಲ್ಲಿ ನಮ್ಮ ಓಣಿಯ ಹೆಜ್ಜೆಮೇಳದ ಸಾಲಿನಲ್ಲಿ ಒಂದು ಜಾಗ ಸಿಕ್ಕರೆ ಸಾಕು ಅನ್ನುವ ಹುಚ್ಚು. ಹಬ್ಬದ ದಿನ ಬರಿಗಾಲಿಗೆ ಗೆಜ್ಜೆ. ಆದರೆ ತಾಲೀಮು ಊರ ಹೊರಗೆ, ಜಾಲಿ ಮುಳ್ಳಿನ ಬಯಲಲ್ಲಿ. ಕೆರ ಬೇಕೇ ಬೇಕು. ಅಪ್ಪ ಗಂಗಾವತಿ ಸಂತೆಯಿಂದ ತಂದ. ಎರಡು ಬೆರಳು ದೊಡ್ಡದು, ಮೇಲೆ ಕೆಂಪು ಗೊಂಡೆ, ಹೆಜ್ಜೆ ಇಟ್ಟರೆ ಕಿರ್ರ್! ಕಿರುಗುಟ್ಟದ ಕೆರ ಮೆಟ್ಟಿದವನು ಗಂಡಸೇ ಅಲ್ಲ ಅನ್ನುತ್ತಿದ್ದರು ನಮ್ಮ ಕಡೆ. ಎಂಥ ಮೂರ್ಖತನ!

ತಾಲೀಮಿನಲ್ಲಿ ಹಲಗೆಯ ಬಡಿತ ನಿಂತರೂ ನನ್ನ ಕೆರದ ಸದ್ದು ನಿಲ್ಲದು. ಎಲ್ಲರ ಹೆಜ್ಜೆ ತಪ್ಪಿತು. ಕಲಿಸುವ ಮುದುಕ ಕೋಲು ಕುಟ್ಟಿದ.

"ಏ ತಮ್ಮಾ, ಹಲಗಿ ಬಡಿಯಾಂವ ಒಬ್ಬ ಸಾಕು. ಸೋಮವಾರದೊಳಗ ಇದರ ಬಾಯಿ ಮುಚ್ಚಿಸು. ಇಲ್ಲಾಂದ್ರ ಹೊಲಕ್ಕ ಹೋಗು, ಹಕ್ಕಿ ಓಡ್ಸಾಕ ಛಲೋ ಆಗ್ತೈತಿ."

ಎಲ್ಲರೂ ನಕ್ಕರು. ಅಪ್ಪನಿಗೆ ಹೇಳಿದರೆ, "ಸಪ್ಪಳ ಕೇಳೇ ಆರಿಸಿ ತಂದೀನಿ. ಅವಗ ಹೊಟ್ಟಿಕಿಚ್ಚಲೇ!" ಅಂದ.

ಕೆರ ಹೊಲಿಯುವ ಹಿರಿಯನ ಬಳಿ ಓಡಿದೆ. ಅವನು ಹೆಬ್ಬೆರಳಿನಿಂದ ಒತ್ತಿ ನೋಡಿದ.

"ಎರಡು ತೊಗಲಿನ ನಡುವ ಸಪ್ಪಳಕ್ಕಂತ ಚಕ್ಕಿ ಇಟ್ಟಾರ. ತೆಗೀಲೇನ್ರಿ? ಅಪ್ಪಾರು ಬೈತಾರ ನೋಡ್ರಿ."

"ತೆಗಿ ಕಾಕಾ. ಬೈಸ್ಕೊಳ್ಳಾಂವ ನಾ."

ಚಕ್ಕೆ ಕಿತ್ತ, ಹಿಮ್ಮಡಿಗೆ ಪಟ್ಟಿ ಹೊಲಿದ. ದಿನಾ ಧೂಳು ಒರೆಸಿ ಔಡಲ ಎಣ್ಣೆ ತಿಕ್ಕಬೇಕು, ಬಿಸಿಲಿಗೆ ಇಡಬಾರದು, ಒಲೆಯ ಹತ್ತಿರವಂತೂ ಬೇಡವೇ ಬೇಡ ಅಂದ. ಹೊಸಬನಿಗೆ ಬೇಕಾದದ್ದು ಇಷ್ಟೇ: ಹಿಮ್ಮಡಿ ಹಿಡಿಯುವ, ಬೆರಳು ಮಡಚಿದರೆ ತಾನೂ ಮಡಚುವ, ಬಾಯಿ ಮುಚ್ಚಿಕೊಂಡಿರುವ ಕೆರ. ಅದನ್ನು ಬಲ್ಲವನು ಊರಿಗೆ ಒಬ್ಬನೇ ಇದ್ದ; ಅವನನ್ನು ನಮ್ಮವರು ಅಂಗಳಕ್ಕೂ ಕರೆಯುತ್ತಿರಲಿಲ್ಲ!

ಸೋಮವಾರ ಸಾಲಿನಲ್ಲಿ ನಿಂತೆ. ಇಪ್ಪತ್ತು ಕಾಲು ಒಂದೇ ಕಾಲಾಗಿ ಬಿದ್ದವು. ಮುದುಕ ಮುಂದಿನ ಹೆಜ್ಜೆ ತೋರಿಸಿದ. ಜಾಗ ನನ್ನದಾಯಿತು. ಅಪ್ಪ ಬಂದು ದೂರದಲ್ಲಿ ನಿಂತು ನೋಡಿದ್ದ. ಮನೆಯ ದಾರಿಯಲ್ಲಿ ಮುಖ ಗಂಟಿಕ್ಕಿ ಅಂದ:

"ಅಷ್ಟು ಮಂದ್ಯಾಗ ನಿನ್ನ ಹೆಜ್ಜಿ ಯಾವುದಂತ ಗೊತ್ತ ಆಗ್ಲಿಲ್ಲಲ್ಲೋ!"

"ಅದಕ್ಕ ನನ್ನ ಉಳಿಸ್ಕೊಂಡಾರಪ್ಪಾ."

ಮೂರು ದಿನ ನನ್ನ ಜೊತೆ ಮಾತು ಬಿಟ್ಟ. ಬಿಡಲಿ! ನಾನು ತಾಲೀಮು ಬಿಡಲಿಲ್ಲ.